ಆಲೆಮನೆ ಡ್ಯೂಟಿ

ಬಿ.ಕಾಂ ಮುಗಿಸಿ 2 ವರ್ಷ ಆಯ್ತು. ಇಂಟರ್‌ವ್ಯೂ ಅಂತ ಬೆಂಗಳೂರಿಗೆ ಎಷ್ಟು ಸಲ ರೈಲು ಹತ್ತಿದೆನೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಮಂಡ್ಯದಲ್ಲಿ ಸಿಕ್ಕಿದ್ದು ಎರಡೇ ಕೆಲಸ. ಒಂದು ಶೋರೂಮ್‌ನಲ್ಲಿ ಬಿಲ್ಲಿಂಗ್, ಇನ್ನೊಂದು ಊರಾಚೆ ಆಲೆಮನೆಯಲ್ಲಿ ತೂಕ, ಲೆಕ್ಕ. ಎರಡು ಕಡೆಯೂ 12 ಸಾವಿರದ ಆಸುಪಾಸು. ಹೇಗೂ ಕೈಗೆ ಬರೋದು ಅಷ್ಟೇ ಅಂದಮೇಲೆ ಎಸಿಯಲ್ಲಿ ಕೂತು ಮುಖ ಗಂಟು ಹಾಕಿಕೊಳ್ಳೋದು ಯಾಕೆ, ಅಲ್ವಾ?

ಲೆಕ್ಕ ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ಕೊಪ್ಪರಿಗೆ ಹತ್ತಿರವೇ ಇರುತ್ತೇನೆ. ಕಾಯುತ್ತಿರುವ ಕಬ್ಬಿನ ಹಾಲಿಗೆ ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆಯುತ್ತಾ ಇರಬೇಕು. ಪಾಕ ಬಂತಾ ಅಂತ ನೋಡೋಕೆ ಒಂದು ತೊಟ್ಟು ತಣ್ಣೀರಿಗೆ ಬಿಡುತ್ತಾರೆ. ಬೆರಳಲ್ಲಿ ಉಂಡೆ ಆದರೆ ಸರಿ. ನಿನ್ನೆ ಆ ಪರೀಕ್ಷೆ ನನಗೆ ಬಿಟ್ಟರು. ನನ್ನ ಉಂಡೆ ಒತ್ತಿ ನೋಡಿ, ಪಾಕದ ಅಣ್ಣ "ಇಳಿಸ್ರಪ್ಪಾ" ಅಂದರು. ಡಿಗ್ರಿ ರಿಸಲ್ಟ್ ದಿನವೂ ಇಷ್ಟು ಖುಷಿ ಆಗಿರಲಿಲ್ಲ.

ಒಳ್ಳೆ ಕೆಲಸ ಸಿಕ್ಕರೆ ಹೋಗಲ್ಲ ಅಂತೇನಿಲ್ಲ. ಹೋಗ್ತೀನಿ. ಅಪ್ಪನಿಗಂತೂ ಬೇಜಾರು. "ಓದ್ಸಿದ್ದು ಬೆಲ್ಲ ತೂಗಕಾ?" ಅಂತಾರೆ. ಇವತ್ತು ಬೆಳಗ್ಗೆ ಮಾತ್ರ ಮೆಲ್ಲಗೆ, "ಬರೋವಾಗ ಒಂದಚ್ಚು ತಕೊಂಡ್ ಬಾ" ಅಂದರು.