ವಾರ್ಜಾಜಾತ್: ಹೊತ್ತು ಮುಳುಗಿದ ಮೇಲಿನ ಸೌರವಿದ್ಯುತ್ತು

ಮೊರಾಕ್ಕೊದ ಮರಾಕೇಶ್‌ನಿಂದ ವಾರ್ಜಾಜಾತ್ ಊರಿಗೆ ಸುಮಾರು 200 ಕಿಲೋಮೀಟರ್. ದೂರ ಕಡಿಮೆಯೆನಿಸಿದರೂ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಎನ್9 ಹೆದ್ದಾರಿ ಸುತ್ತಿ ಸುತ್ತಿ ಹತ್ತಿ, 2,260 ಮೀಟರ್ ಎತ್ತರದ ಟಿಜಿ ಎನ್ ಟಿಶ್ಕಾದಲ್ಲಿ ಹೈ ಅಟ್ಲಾಸ್ ಬೆಟ್ಟಸಾಲನ್ನು ದಾಟುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದೂ ಉಂಟು. ಬೆಟ್ಟದ ಉತ್ತರ ಮಗ್ಗುಲಲ್ಲಿದ್ದ ಹಸಿರು ದಕ್ಷಿಣಕ್ಕಿಳಿದೊಡನೆ ಕಾಣೆಯಾಗುತ್ತದೆ. ಇಲ್ಲಿ ಮೋಡವೂ ಅಪರೂಪ. ಮೊರಾಕ್ಕೊ ತನ್ನ ಅತಿದೊಡ್ಡ ಸೌರ ಸ್ಥಾವರವನ್ನು ಈ ಮಗ್ಗುಲಲ್ಲಿ ಕಟ್ಟಿದ್ದು ಅದಕ್ಕೇ.

ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ನೂರ್ ಸಂಕೀರ್ಣ. ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ನೂರ್ 1 (160 ಮೆಗಾವ್ಯಾಟ್, 2016) ಮತ್ತು ನೂರ್ 2 (200 ಮೆಗಾವ್ಯಾಟ್) ದೋಣಿಯಂತೆ ಬಾಗಿದ ಕನ್ನಡಿಗಳ ಸಾಲುಗಳು. ಅವು ಬೆಳಗಿನಿಂದ ಸಂಜೆಯವರೆಗೆ ಸೂರ್ಯನತ್ತ ಹೊರಳುತ್ತ, ನಡುವಿನ ಕೊಳವೆಯ ಎಣ್ಣೆಯನ್ನು 393 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತವೆ. ನೂರ್ 3ರದು (150 ಮೆಗಾವ್ಯಾಟ್) ಬೇರೆಯೇ ದಾರಿ. ಅಲ್ಲಿ ಸುಮಾರು 7,400 ಚಪ್ಪಟೆ ಕನ್ನಡಿ ಫಲಕಗಳು 250 ಮೀಟರ್ ಎತ್ತರದ ಗೋಪುರದ ತುದಿಗೆ ಬೆಳಕನ್ನು ಎಸೆಯುತ್ತವೆ. ಗಾಳಿಯಲ್ಲಿ ದೂಳಿದ್ದ ದಿನ ಆ ಕಿರಣಗಳೇ ಕಣ್ಣಿಗೆ ಕಾಣುತ್ತವೆ.

ಸಾಧ್ಯವಿದ್ದರೆ ಸಂಜೆಗೆ ಹೋಗಿ. ಮೊರಾಕ್ಕೊದಲ್ಲಿ ವಿದ್ಯುತ್ ಬೇಡಿಕೆ ಅತಿ ಹೆಚ್ಚುವುದು ಹೊತ್ತು ಮುಳುಗಿದ ಮೇಲೆ, ಈ ಸ್ಥಾವರದ ನಿಜವಾದ ಪರೀಕ್ಷೆಯೂ ಆಗಲೇ. ನೂರ್ 3ರಲ್ಲಿ ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಬೆರೆತ ಕರಗಿದ ಉಪ್ಪು 290 ಡಿಗ್ರಿಯಲ್ಲಿ ಗೋಪುರ ಏರಿ, 565 ಡಿಗ್ರಿಯಾಗಿ ಇಳಿದು ಟ್ಯಾಂಕ್ ಸೇರುತ್ತದೆ. ಬೇಕಾದಾಗ ಅದೇ ಉಪ್ಪಿನಿಂದ ಉಗಿ, ಉಗಿಯಿಂದ ಟರ್ಬೈನ್. ನೂರ್ 1ರ ಸಂಗ್ರಹ ಮೂರು ಗಂಟೆಯಷ್ಟು. ಆಮೇಲೆ ಬಂದ ಎರಡರಲ್ಲಿ ಅದು ಏಳು ಗಂಟೆಗೇರಿತು.

ಕಷ್ಟವೆಲ್ಲ ಈ ಉಪ್ಪಿನದೇ. ಸುಮಾರು 240 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟತೊಡಗುತ್ತದೆ. ಆದ್ದರಿಂದ ಕೊಳವೆ, ಕವಾಟಗಳಿಗೆಲ್ಲ ವಿದ್ಯುತ್ ತಂತಿ ಸುತ್ತಿ ಬಿಸಿಯಾಗಿಡಬೇಕು. ಸೂರ್ಯ ಮರೆಯಾದಾಗ ಗೋಪುರದ ತುದಿಯಲ್ಲಿರುವ ಉಪ್ಪನ್ನು ಬೇಗ ಕೆಳಗೆ ಬಸಿದುಬಿಡಬೇಕು. ಬಿಸಿ ಟ್ಯಾಂಕ್‌ನ ತಳದ್ದು ಇನ್ನೂ ಸೂಕ್ಷ್ಮ. ಕಾದಾಗ ತಳದ ಉಕ್ಕಿನ ಹಾಳೆ ಹಿಗ್ಗುತ್ತದೆ, ಮೇಲಿನ ಉಪ್ಪಿನ ಭಾರ ಅದನ್ನು ಅಡಿಪಾಯಕ್ಕೆ ಒತ್ತಿಹಿಡಿಯುತ್ತದೆ. ಸರಿಯಲು ಜಾಗ ಸಿಗದೆ ಹಾಳೆ ಮಡಿಚಿಕೊಂಡರೆ ಬೆಸುಗೆ ಬಿರಿಯುತ್ತದೆ. ಇಂಥ ಟ್ಯಾಂಕ್‌ಗಳಿಗೆ ಎಲ್ಲೆಡೆ ಇದೇ ಭಯ. ನೂರ್ 3ರ ಬಿಸಿ ಟ್ಯಾಂಕ್ 2024ರಲ್ಲಿ ಸೋರಿ, ಸ್ಥಾವರ ತಿಂಗಳುಗಟ್ಟಲೆ ನಿಂತಿತು. ಬಿಸಿ ಟ್ಯಾಂಕ್ ಒಂದೇ ಇದ್ದರೆ ಅದು ಕೆಟ್ಟಾಗ ಗೋಪುರವೂ ಕನ್ನಡಿಗಳೂ ಸುಮ್ಮನೆ ನಿಲ್ಲುತ್ತವೆ.

ನೀರಿನದು ಇನ್ನೊಂದು ಲೆಕ್ಕ. ನೂರ್ 1 ಉಗಿಯನ್ನು ತಣಿಸಲು ಪಕ್ಕದ ಮನ್ಸೂರ್ ಎದ್ದಹ್ಬಿ ಜಲಾಶಯದ ನೀರನ್ನೇ ಬಳಸುತ್ತದೆ. ಬರಗಾಲದ ಸೀಮೆಯಲ್ಲಿ ಇದು ದುಬಾರಿ ಆಯ್ಕೆ. ನೂರ್ 2, 3ಕ್ಕೆ ಗಾಳಿಯಿಂದ ತಣಿಸುವ ಏರ್ಪಾಡು ಮಾಡಿದ್ದು ಸರಿಯಾದ ತೀರ್ಮಾನ, ಸುಡು ಮಧ್ಯಾಹ್ನದಲ್ಲಿ ಉತ್ಪಾದನೆ ತುಸು ತಗ್ಗಿದರೂ. ಕನ್ನಡಿ ತೊಳೆಯಲು ಮಾತ್ರ ನೀರು ತಪ್ಪದು.

2030ರೊಳಗೆ ಸ್ಥಾಪಿತ ಸಾಮರ್ಥ್ಯದ ಶೇ. 52ರಷ್ಟು ನವೀಕರಿಸಬಹುದಾದ ಮೂಲಗಳಿಂದ ಬರಬೇಕೆಂಬುದು ದೇಶದ ಗುರಿ. 2020ಕ್ಕೆ ಇಟ್ಟುಕೊಂಡಿದ್ದ ಶೇ. 42ರ ಗುರಿ ಕೈಗೂಡಲಿಲ್ಲ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂಬುದನ್ನೂ ಮರೆಯುವಂತಿಲ್ಲ: ಅಟ್ಲಾಂಟಿಕ್ ದಂಡೆಯ ತರ್ಫಾಯದ 131 ಗಾಳಿಯಂತ್ರಗಳು 301 ಮೆಗಾವ್ಯಾಟ್‌ನವಾದರೂ, ದೇಶದ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಪಾಲು ಇನ್ನೂ ಆಮದು ಕಲ್ಲಿದ್ದಲಿನದು. ಸಂಜೆಯ ಬೇಡಿಕೆಯನ್ನು ಪೂರೈಸುವಷ್ಟು ಸಂಗ್ರಹವಿಲ್ಲದೆ ಆ ಪಾಲು ಕರಗುವುದು ಕಷ್ಟ.

ವಾಪಸಾಗುವಾಗ ಸಮಯವಿದ್ದರೆ ಬೆನಿ ಮೆಲ್ಲಾಲ್ ಬಳಿಯ ಅಫೂರೆರ್ ಕಡೆ ತಿರುಗಬಹುದು. ಅಲ್ಲಿಯ ಸಂಗ್ರಹಕ್ಕೆ ಉಪ್ಪೂ ಬೇಡ, ಬಿಸಿಯೂ ಬೇಡ. ವಿದ್ಯುತ್ ಮಿಕ್ಕಾಗ ಕೆಳಗಿನ ಕೊಳದಿಂದ ಮೇಲಿನ ಕೊಳಕ್ಕೆ ನೀರೆತ್ತಿ, ಸಾಲದಾದಾಗ ಅದನ್ನೇ ಟರ್ಬೈನ್ ಮೂಲಕ ಇಳಿಬಿಡುತ್ತಾರೆ. ಸುಮಾರು 460 ಮೆಗಾವ್ಯಾಟ್.