ಒಳಗಿನ ಕಾಯಿಲ್

ಹಾಸನದ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ದೊಡ್ಡಪ್ಪನವರ ಪ್ರಾಸ್ಟೇಟ್ ಎಂಆರ್‌ಐ ಮುಗಿಯುವವರೆಗೆ, ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನಗೆ ಆ ಯಂತ್ರದ ಕಾಯಿಲ್‌ಗಳದ್ದೇ, ಅಂದರೆ ದೇಹದಿಂದ ಬರುವ ರೇಡಿಯೊ ಸಂಕೇತ ಹಿಡಿಯುವ ತಂತಿಸುರುಳಿಗಳದ್ದೇ, ಯೋಚನೆ. ಅವರಿಗೆ ಬಳಸಿದ್ದು ಹೊಟ್ಟೆಯ ಮೇಲಿಡುವ ಕಾಯಿಲ್. ಆಳದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯ ಸಂಕೇತ ಅದಕ್ಕೆ ಕ್ಷೀಣವಾಗಿ ತಲುಪುತ್ತದೆ, ಜೊತೆಗೆ ಸುತ್ತಲಿನ ದೇಹಭಾಗದ ಗದ್ದಲವೂ ಸೇರುತ್ತದೆ. ಹಾಸನಾಂಬೆಯ ಜಾತ್ರೆಯಲ್ಲಿ ಪಿಸುಮಾತು ಕೇಳಬೇಕಾದರೆ ಕಿವಿಯನ್ನು ಬಾಯಿಯ ಬಳಿಗೇ ಒಯ್ಯಬೇಕಷ್ಟೆ. ಗ್ರಂಥಿಯ ಪಕ್ಕದಲ್ಲೇ ಇರುವ ಗುದನಾಳದೊಳಗೆ ಬಲೂನಿನಲ್ಲಿ ಸಣ್ಣ ಕಾಯಿಲ್ ಇರಿಸುವ ವಿಧಾನ ಹುಟ್ಟಿದ್ದು ಇದಕ್ಕಾಗಿಯೇ. ಆದರೆ ಚಿಕ್ಕ ಸುರುಳಿಯ ಗ್ರಹಣಶಕ್ತಿ ದೂರ ಹೆಚ್ಚಿದಂತೆ ಬೇಗನೆ ಕುಸಿಯುವುದರಿಂದ, ಹತ್ತಿರದ ಭಾಗ ಅತಿಯಾಗಿ ಹೊಳೆದು ಆಚೆಯದು ಮಂಕಾಗುತ್ತದೆ.

ವಿನ್ಯಾಸಕಾರರ ನಿಜವಾದ ತಲೆನೋವು ಸುರಕ್ಷತೆ. 1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಮಾನ) ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್‌ಗೆ ಶ್ರುತಿ ಮಾಡಿದ ಈ ಕಾಯಿಲ್ಲನ್ನು, ಯಂತ್ರವು ರೇಡಿಯೊ ತರಂಗ ಹಾಯಿಸುವ ಕ್ಷಣದಲ್ಲಿ ಡಯೋಡ್ ಮಂಡಲದ ಮೂಲಕ ಶ್ರುತಿ ತಪ್ಪಿಸದಿದ್ದರೆ, ಅದು ಬಿಸಿಯಾಗಿ ಅಂಗಾಂಶವನ್ನೇ ಸುಡಬಹುದು. ಬಲೂನಿಗೆ ಗಾಳಿ ತುಂಬಿದರೆ ಅಂಚಿನಲ್ಲಿ ಕಾಂತಕ್ಷೇತ್ರ ಏರುಪೇರಾಗಿ ಚಿತ್ರ ಕೆಡುತ್ತದೆ. ಹಾಗಾಗಿ ಅಂಥ ಏರುಪೇರನ್ನು ತಗ್ಗಿಸುವ ಪರ್‌ಫ್ಲೋರೋಕಾರ್ಬನ್ ಎಂಬ ದ್ರವ ತುಂಬುವುದುಂಟು. 3 ಟೆಸ್ಲಾ ಯಂತ್ರಗಳಲ್ಲಿ ಹೊರಗಿನ ಕಾಯಿಲ್‌ಗಳ ಸಾಲಿನಿಂದಲೇ ಸಾಕಷ್ಟು ಸ್ಪಷ್ಟ ಚಿತ್ರ ಸಿಗುವುದರಿಂದ ಹಲವೆಡೆ ಒಳಗಿನದನ್ನು ಕೈಬಿಟ್ಟಿದ್ದಾರೆ. ರೋಗಿಯ ಮುಜುಗರವನ್ನೂ ಲೆಕ್ಕಕ್ಕೆ ಹಿಡಿದರೆ ಅದು ಸರಿಯಾದ ನಿರ್ಧಾರವೇ ಎಂದು ನನಗನಿಸುತ್ತದೆ.