ನೀನು ಕೈ ಎತ್ತಲ್ವಾ ಅಮ್ಮಾ?

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಮೆಟ್ಟಿಲು ಒರೆಸುತ್ತಿದ್ದೆ. ಆ ವಾರ ಕೇರ್‌ವೋಖೆ ಬೋರ್ಡು, ಅಂದರೆ ಮೆಟ್ಟಿಲು ಒರೆಸುವ ಸರದಿ ಯಾರದು ಅಂತ ಹೇಳೋ ಫಲಕ, ನಮ್ಮ ಬಾಗಿಲಿಗೆ ಬಂದಿತ್ತು. ಬ್ರೆಡ್ ತರೋಕೆ ಇಳಿದು ಬಂದ ಮೇಲ್ಮನೆ ಅಜ್ಜಿ ಅರ್ಧದಲ್ಲೇ ನಿಂತು, ‘ಏನು, ಇವತ್ತು ಹಾಡು ಹೇಳ್ಕೊಂಡು ಒರೆಸ್ತಿದ್ದೀರಿ?’ ಅಂದರು. ಹೌದು, ಖುಷಿಯಲ್ಲಿದ್ದೆ. ಹಿಂದಿನ ದಿನವಷ್ಟೇ ಆಫೀಸಿನಿಂದ ನನ್ನ ಸರ್ಟಿಫಿಕೇಟ್ ಕೈಗೆ ಬಂದಿತ್ತು.

ಇಲ್ಲಿ ಅದಕ್ಕೆ ‘ತ್ಸೊಯ್ಗ್ನಿಸ್’ ಅಂತಾರೆ. ಜರ್ಮನಿಯಲ್ಲಿ ಕೆಲಸ ಬಿಡುವವರು ಇದನ್ನು ಕೇಳಿ ಪಡೆಯಬಹುದು. ಹಾಗಂತ ಕಾನೂನೇ ಇದೆ. ಬಾಸ್ ಬದಲಾದರೆ ಕೆಲಸದಲ್ಲಿ ಇರುವಾಗಲೇ ಮಧ್ಯಂತರದ್ದೊಂದು ಕೇಳೋದೂ ರೂಢಿ. ನನ್ನ ಬಾಸ್ ಬೇರೆ ಊರಿಗೆ ಹೊರಟಿದ್ದರು. ಸಹೋದ್ಯೋಗಿಯೊಬ್ಬಳು ಹೇಳಿದಳು ಅಂತ ನಾನೂ ಕೇಳಿದ್ದೆ. ಒಂದೂವರೆ ಪುಟ ಬಂತು. ‘ತಮಗೆ ವಹಿಸಿದ ಕೆಲಸಗಳನ್ನು ಇವರು ನಮಗೆ ಪೂರ್ಣ ತೃಪ್ತಿಯಾಗುವಂತೆ ಮಾಡಿದ್ದಾರೆ’ ಅನ್ನೋ ಸಾಲು ಓದುವಾಗ ಕಣ್ಣು ತುಂಬಿ ಬಂತು. ಆರು ವರ್ಷದಲ್ಲಿ ಆ ಮನುಷ್ಯ ಒಂದು ಸಲವೂ ‘ಚೆನ್ನಾಗಿದೆ’ ಅಂದವರಲ್ಲ. ಆ ಸಾಲನ್ನು ಕನ್ನಡಕ್ಕೆ ಮಾಡಿ ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ. ಹಾಸನದಿಂದ ಚಿಕ್ಕಪ್ಪ, ದಾವಣಗೆರೆಯಿಂದ ಅತ್ತೆ, ಎಲ್ಲರೂ ಹೂಗುಚ್ಛ ಕಳಿಸಿದ್ದರು.

ಅಜ್ಜಿ ಮೂವತ್ತು ವರ್ಷ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇದ್ದವರು. ‘ತನ್ನಿ, ನೋಡೋಣ’ ಅಂದರು. ತಂದುಕೊಟ್ಟೆ. ಮೆಟ್ಟಿಲ ಮೇಲೆ ನಿಂತೇ ಕನ್ನಡಕ ಏರಿಸಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದಿದರು.

‘ಚೆನ್ನಾಗಿದೆ,’ ಅಂದರು. ಆಮೇಲೆ, ‘ಮೂರು.’

‘ಏನು ಮೂರು?’

‘ನಿಮಗೆ ಮೂರು ಕೊಟ್ಟಿದ್ದಾರೆ. ಶ್ಟೆಟ್ಸ್ ಎಲ್ಲಿ?’

ಶ್ಟೆಟ್ಸ್ ಅಂದರೆ ‘ಯಾವಾಗಲೂ’. ಆ ಒಂದು ಪದ ಬಿಟ್ಟುಹೋಗಿತ್ತು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಾನು ಪಾಠ ಕೇಳಿಸಿಕೊಂಡೆ. ‘ಯಾವಾಗಲೂ ಪೂರ್ಣಾತಿಪೂರ್ಣ ತೃಪ್ತಿ’ ಅಂದರೆ ಒಂದು. ‘ಯಾವಾಗಲೂ ಪೂರ್ಣ ತೃಪ್ತಿ’ ಅಂದರೆ ಎರಡು. ‘ಯಾವಾಗಲೂ’ ಇಲ್ಲದ ಬರೀ ‘ಪೂರ್ಣ ತೃಪ್ತಿ’ ಮೂರು. ‘ತೃಪ್ತಿ’ ಅಷ್ಟೇ ಆದರೆ ನಾಲ್ಕು. ಇಲ್ಲಿಯ ಶಾಲೆಗಳ ಹಾಗೇ ಒಂದು ಅಂದರೆ ಮೇಲು, ಆರು ಅಂದರೆ ಫೇಲು. ಬಾಸ್‌ಗಿಂತ ಮೊದಲು ಸಹೋದ್ಯೋಗಿಗಳ ಹೆಸರು ತೆಗೆದು ‘ಇವರ ಜೊತೆ ನಡವಳಿಕೆ ಚೆನ್ನಾಗಿತ್ತು’ ಅಂತ ಬರೆದರೆ, ಬಾಸ್ ಜೊತೆ ಏನೋ ಕಿರಿಕ್ಕು ಅಂತ ಅರ್ಥ. ‘ಸಮಯಕ್ಕೆ ಸರಿಯಾಗಿ ಬರುತ್ತಿದ್ದರು’ ಅಂತ ಎತ್ತಿ ಹೇಳಿದರೆ, ಹೊಗಳೋಕೆ ಬೇರೇನೂ ಸಿಗಲಿಲ್ಲ ಅಂತ. ತಮಾಷೆ ಏನಪ್ಪಾ ಅಂದರೆ, ಒಂದು ಬರೆದು ಇನ್ನೊಂದು ಅರ್ಥ ಹುದುಗಿಸಬಾರದು ಅಂತ ಅದೇ ಕಾನೂನು ಹೇಳುತ್ತದೆ. ಆದರೂ ಇಡೀ ದೇಶ ಇದೇ ಭಾಷೆಯಲ್ಲಿ ಬರೆಯುತ್ತೆ, ಓದುತ್ತೆ. ನಮ್ಮಲ್ಲಿ ಹುಡುಗಿ ನೋಡೋಕೆ ಬಂದವರು ‘ಊರಿಗೆ ಹೋಗಿ ತಿಳಿಸ್ತೀವಿ’ ಅನ್ನಲ್ವಾ, ಹಾಗೆ.

‘ಮೂರು ಕೆಟ್ಟದ್ದಲ್ಲ,’ ಅಂದರು ಅಜ್ಜಿ. ‘ಸಾಧಾರಣ.’

ಸಾಧಾರಣ. ಆ ಪದ ಇಡೀ ದಿನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಮೂರು ಬಂದಿದೆಯಂತೆ ಅಂದೆ. ‘ಮೂರನೇ ರ‍್ಯಾಂಕಾ! ಎಷ್ಟು ಜನದಲ್ಲಿ?’ ಅಂತ ಕೇಳಿದಳು. ಬಿಡಿಸಿ ಹೇಳೋ ಚೈತನ್ಯ ಇರಲಿಲ್ಲ. ‘ತುಂಬಾ ಜನದಲ್ಲಿ’ ಅಂದೆ. ‘ದೇವರು ದೊಡ್ಡವನು’ ಅಂದಳು.

ಇದನ್ನೆಲ್ಲ ಕೇಳಿಸಿಕೊಂಡಿದ್ದ ಮಗಳು ರಾತ್ರಿ ಮಲಗೋ ಹೊತ್ತಿಗೆ ನನ್ನ ಪಕ್ಕ ಬಂದು ಕೂತಳು. ಮೂರನೇ ಕ್ಲಾಸು. ಅವಳ ಪ್ರಪಂಚದಲ್ಲಿ ಮೂರು ಅಂದರೆ ಏನು ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

‘ಅಮ್ಮಾ, ನೀನು ಮೀಟಿಂಗಲ್ಲಿ ಕೈ ಎತ್ತಲ್ವಾ?’

‘ಯಾಕೆ?’

‘ನಮ್ಮ ಟೀಚರ್ ಬರೆದಿದ್ದಕ್ಕೆ ಮಾತ್ರ ನಂಬರ್ ಕೊಡಲ್ಲ. ಬಾಯಲ್ಲಿ ಹೇಳಿದ್ದಕ್ಕೂ ಕೊಡ್ತಾರೆ. ಗೊತ್ತಿದ್ರೂ ಕೈ ಎತ್ತದೆ ಕೂತ್ರೆ, ಗೊತ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?’

ಇಷ್ಟು ಹೇಳಿ ಅವಳು ಐದೇ ನಿಮಿಷಕ್ಕೆ ನಿದ್ದೆ ಹೋದಳು. ನನಗೆ ಹತ್ತಲಿಲ್ಲ.

ಇಲ್ಲಿ ಮಕ್ಕಳು ಉತ್ತರ ಗೊತ್ತಿದ್ದರೆ ತೋರುಬೆರಳು ಎತ್ತುತ್ತಾರೆ. ನಮ್ಮ ಶಾಲೆಯಲ್ಲಿ ಬೆರಳು ಎತ್ತಿದರೆ ಒಂದೇ ಅರ್ಥ: ಒಂದಕ್ಕೆ ಹೋಗಬೇಕು ಅಂತ. ಮೇಷ್ಟ್ರು ಒಳಗೆ ಬಂದ ತಕ್ಷಣ ‘ಕೈ ಕಟ್ಟು, ಬಾಯಿ ಮುಚ್ಚು’. ನಲವತ್ತು ಮಕ್ಕಳು ಒಟ್ಟಿಗೆ ಕೈ ಕಟ್ಟುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೇಳದೆ ಉತ್ತರ ಹೇಳಿದವಳು ಅಧಿಕಪ್ರಸಂಗಿ. ಎರಡು ಸಲ ಹೇಳಿಸಿಕೊಂಡೆ, ಮೂರನೇ ಸಲಕ್ಕೆ ಕಲಿತೆ. ಆ ಪಾಠ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಏಳು ಸಾವಿರ ಕಿಲೋಮೀಟರ್ ದಾಟಿ ಬಂದರೂ ಸಡಿಲವಾಗಿಲ್ಲ.

ನನ್ನ ಕೆಲಸ ಕಾರುಗಳ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷೆ ಮಾಡೋದು. ಬೆಳಿಗ್ಗೆ ಏಳಕ್ಕೇ ಬೆಂಗಳೂರಿನ ಟೀಮ್ ಜೊತೆ ಕಾಲ್. ಬೇಸಿಗೆಯಲ್ಲಿ ನಮ್ಮ ಏಳು ಅಂದರೆ ಅವರ ಹತ್ತೂವರೆ. ಎರಡು ಚಳಿಗಾಲದ ಹಿಂದೆ ಒಂದು ತಪ್ಪು ಹಿಡಿದಿದ್ದೆ. ಕೊರೆಯುವ ಚಳಿಯಲ್ಲಿ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸೆನ್ಸರ್ ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಾಗುತ್ತಿತ್ತು. ಬೇರೆಯವರ ಪರೀಕ್ಷೆಯಲ್ಲಿ ಅದು ಸಿಗುತ್ತಿರಲಿಲ್ಲ, ಯಾಕೆಂದರೆ ಅವರು ಗಾಡಿ ಬಿಸಿಯಾದ ಮೇಲೆ ಅಳೆಯುತ್ತಿದ್ದರು. ಮೂರು ವಾರ ಕೂತು ಅದನ್ನು ಮತ್ತೆ ಮತ್ತೆ ಬರುವ ಹಾಗೆ ಮಾಡಿ, ವರದಿ ಬರೆದು, ಹಂಚಿದೆ. ಮೀಟಿಂಗಿನಲ್ಲಿ ಅದನ್ನು ತೋರಿಸಿದ್ದು ನನಗಿಂತ ಎಂಟು ವರ್ಷ ಚಿಕ್ಕ ಹುಡುಗ. ಅವನು ಕದ್ದದ್ದಲ್ಲ, ಪಾಪ. ‘ಯಾರು ತೋರಿಸ್ತೀರಿ?’ ಅಂತ ಕೇಳಿದರು, ನಾನು ಮೇಜು ನೋಡಿದೆ, ಅವನು ‘ನಾನು’ ಅಂದ. ಮುಂದಿನ ವರ್ಷ ಟೀಮ್ ಲೀಡ್ ಆದವನೂ ಅವನೇ. ವರ್ಷಕ್ಕೊಮ್ಮೆ ಬಾಸ್ ಎದುರು ಕೂತು ಮಾತಾಡುವ ಒಂದು ಗಂಟೆ ಇರುತ್ತೆ. ಮುಂದೆ ಏನಾಗಬೇಕು ಅಂತ ಕೇಳುತ್ತಾರೆ. ಆರು ವರ್ಷವೂ ನನ್ನ ಉತ್ತರ ಒಂದೇ: ‘ಎಲ್ಲಾ ಚೆನ್ನಾಗಿದೆ.’ ಮನಸ್ಸಿನಲ್ಲಿ ಮಾತ್ರ, ಇವರಿಗೆ ಕಾಣಲ್ವಾ, ಇವರಾಗೇ ಕೊಡಬೇಕಲ್ವಾ ಅಂತ. ಮಗು ಅತ್ತರೆ ತಾನೇ ತಾಯಿ ಹಾಲು ಕೊಡೋದು ಅಂತ ಗಾದೆ ಇರೋದೂ ನಮ್ಮಲ್ಲೇ. ಅದನ್ನು ನಾವು ರೇಷನ್ ಅಂಗಡಿಯಲ್ಲಿ ಮಾತ್ರ ಉಪಯೋಗಿಸ್ತೀವಿ.

ಸೋಮವಾರ ಬಾಸ್ ರೂಮಿಗೆ ಹೋದೆ. ಕೈ ಬೆವರುತ್ತಿತ್ತು. ‘ಇದರಲ್ಲಿ ಶ್ಟೆಟ್ಸ್ ಇಲ್ಲ’ ಅಂದೆ. ಬೇರೆ ಯಾವ ಪೀಠಿಕೆಯೂ ಹೊಳೆಯಲಿಲ್ಲ.

ಅವರು ಕಾಗದ ನೋಡಿ ನಕ್ಕರು. ಎಚ್‌ಆರ್‌ನವರು ಒಂದು ಫಾರಂ ಕಳಿಸಿದ್ದರಂತೆ. ಎಲ್ಲದಕ್ಕೂ ನಡುವಿನ ಮನೆಗೆ ಟಿಕ್ ಹಾಕಿದ್ದರಂತೆ, ವಾಕ್ಯಗಳನ್ನು ಕಂಪ್ಯೂಟರೇ ಜೋಡಿಸಿತಂತೆ. ‘ನಿಮಗೆ ಇದೆಲ್ಲ ಮುಖ್ಯ ಅಂತ ನನಗೆ ಅನಿಸಿರಲಿಲ್ಲ. ಆರು ವರ್ಷದಲ್ಲಿ ಏನೂ ಕೇಳಿಲ್ಲ ನೀವು. ಒಂದು ಕೆಲಸ ಮಾಡಿ, ನೀವೇ ಬರೆದು ತನ್ನಿ. ಸರಿ ಅನಿಸಿದರೆ ಸಹಿ ಹಾಕ್ತೀನಿ.’

ಕೋಪ ಮಾಡಿಕೊಳ್ಳೋಣ ಅಂದರೆ ಆ ಮನುಷ್ಯ ಅದಕ್ಕೂ ಅವಕಾಶ ಕೊಡಲಿಲ್ಲ.

ನನ್ನ ಬಗ್ಗೆ ನಾನೇ, ಅದೂ ‘ಇವರು’ ಅಂತ ಬರೆಯೋದು ಎಷ್ಟು ಕಷ್ಟ ಅಂತ ಕೂತಾಗಲೇ ಗೊತ್ತಾಗಿದ್ದು. ನಾಲ್ಕು ಸಂಜೆ ಹಿಡಿಯಿತು. ಮೊದಲ ಕರಡು ತೆಗೆದುಕೊಂಡು ಅಜ್ಜಿ ಮನೆಗೆ ಹೋದೆ. ಅವರು ಕೆಂಪು ಪೆನ್ಸಿಲ್ ಹಿಡಿದರು. ‘ತಂಡದ ಸಹಾಯದಿಂದ’ ಅಂತ ಐದು ಕಡೆ ಬರೆದಿದ್ದೆ, ನಾಲ್ಕು ಹೊಡೆದರು. ಒಂದು ಕಡೆ ಮಾತ್ರ ನಿಂತುಬಿಟ್ಟರು. ‘ತಮ್ಮ ಕೈಲಾದಷ್ಟು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದಾರೆ’ ಅಂತ ಬರೆದಿದ್ದೆ. ನಮ್ಮ ಕಡೆ ಅದಕ್ಕಿಂತ ಒಳ್ಳೆ ಮಾತು ಬೇಕಾ?

‘ಇದು ಬೈಗುಳ,’ ಅಂದರು. ‘ಬೆಮ್ಯೂಟ್ ಅಂದರೆ, ಪಾಪ ಒದ್ದಾಡಿದಳು, ಆದರೆ ಆಗಲಿಲ್ಲ ಅಂತ. ಇದು ಐದು. ಇಲ್ಲಿ ಇದನ್ನು ಜೋಕಿಗೆ ಬಳಸ್ತಾರೆ.’

ನಮ್ಮ ವಿನಯದ ಮಾತನ್ನು ಹಾಗೇ ಜರ್ಮನ್‌ಗೆ ತಂದರೆ ಅವರ ಲೆಕ್ಕದಲ್ಲಿ ಫೇಲಾದ ಹಾಗೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ನಮ್ಮಲ್ಲೊಂದು ಮಾತಿದೆ ಅಂತ ಅಜ್ಜಿಗೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಅವರ ಶ್ವಾಬಿಯಾ ಸೀಮೆಯ ಮಾತೊಂದನ್ನು ತಿರುಗಿ ಕೊಟ್ಟರು: ಬೈಯಲಿಲ್ಲ ಅಂದರೆ ಅದೇ ಬೇಕಾದಷ್ಟು ಹೊಗಳಿದ ಹಾಗೆ. ಗಂಡ ನಲವತ್ತು ವರ್ಷ ಹಾಗೇ ಹೊಗಳಿದರಂತೆ. ‘ಅದಕ್ಕೇ ಕಾಗದದಲ್ಲಾದರೂ ಕೊಡ ತುಳುಕಲಿ,’ ಅಂದು, ‘ಪೂರ್ಣ’ಕ್ಕೆ ‘ಅತಿಪೂರ್ಣ’ ಸೇರಿಸಿದರು. ಪೂರ್ಣಕ್ಕಿಂತ ಪೂರ್ಣ ಅಂದರೆ ಅರ್ಥವೇ ಇಲ್ಲ, ವ್ಯಾಕರಣದವರು ಇದಕ್ಕೆ ತಲೆ ಚಚ್ಚಿಕೊಳ್ತಾರೆ ಅಂತಲೂ ಅವರೇ ಹೇಳಿದರು.

ಸುಮ್ನೆ ಬರೆದರೆ ಆಗಲ್ಲ, ಪುರಾವೆ ಇಟ್ಟುಕೊಳ್ಳಿ ಅಂದರು. 2014ರಲ್ಲಿ ಇಲ್ಲಿಯ ಕಾರ್ಮಿಕರ ಅತ್ಯುನ್ನತ ಕೋರ್ಟಿಗೆ ಹೀಗೇ ಒಂದು ಕೇಸು ಹೋಗಿತ್ತು. ಬರ್ಲಿನ್‌ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿಗೆ ಕೂರುತ್ತಿದ್ದ ಹೆಂಗಸು ನನ್ನ ಹಾಗೇ ಮೂರಕ್ಕೆ ಒಪ್ಪದೆ ಹೋದವಳು. ಬಹಳ ಜನಕ್ಕೆ ಒಂದು, ಎರಡು ಕೊಡೋದು ರೂಢಿಯಾಗಿದ್ದರೂ ಮೂರೇ ಸಾಧಾರಣ, ಅದಕ್ಕಿಂತ ಮೇಲೆ ಬೇಕು ಅನ್ನುವವರು ತಾವೇ ರುಜುವಾತು ಮಾಡಬೇಕು ಅಂತ ತೀರ್ಪಾಯಿತು. ಹಾಗಾಗಿ ಐದನೇ ಸಂಜೆ ಹಳೇ ಮೇಲ್‌ಗಳನ್ನೆಲ್ಲ ಕೆದಕಿದೆ. ಸೆನ್ಸರ್ ವರದಿ ಸಿಕ್ಕಿತು. ಕೆಳಗೆ ನನ್ನ ಹೆಸರು, ತಾರೀಖು. ಅದನ್ನು ಮೇಲ್ಗಡೆ ಲಗತ್ತಿಸಿ ಕಳಿಸಿದೆ.

ಹದಿನೈದು ದಿನಕ್ಕೆ ಹೊಸದು ಬಂತು. ಎರಡು. ‘ಅತಿಪೂರ್ಣ’ವನ್ನು ಬಾಸ್ ಹೊಡೆದುಹಾಕಿದ್ದರು. ‘ಯಾವಾಗಲೂ’ ಮಾತ್ರ ಕೂತಿತ್ತು. ಹೊಸ ಬಾಸ್ ಬಂದ ವಾರವೇ, ಮುಂದಿನ ಪ್ರಾಜೆಕ್ಟಿನ ಲೀಡ್ ನನಗೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದೇನೆ. ನೋಡೋಣ ಅಂದಿದ್ದಾರೆ. ಇವರ ‘ನೋಡೋಣ’ಕ್ಕೆ ಎಷ್ಟು ನಂಬರ್ ಅಂತ ಅಜ್ಜಿಯನ್ನು ಇನ್ನೂ ಕೇಳಿಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದ್ದು ಹೋದ ಭಾನುವಾರ.

ಅಪ್ಪ 2006ರಲ್ಲಿ ರಿಟೈರ್ ಆದರು. ಒಂದು ಸರ್ಕಾರಿ ಇಲಾಖೆಯಲ್ಲಿ ಎಫ್‌ಡಿಎ. ಪ್ರಮೋಷನ್ ಪಟ್ಟಿ ಎರಡು ಸಲ ಬಂತು, ಎರಡು ಸಲವೂ ಅವರ ಹೆಸರು ಇರಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಮಾರ್ಚ್ ಬಂದರೆ ಮನೆಯಲ್ಲಿ ‘ಸಿಆರ್’ ಅನ್ನೋ ಪದ ಪಿಸುಮಾತಿನಲ್ಲಿ ಓಡಾಡುತ್ತಿತ್ತು. ಸಾಹೇಬರು ಬರೆಯೋ ಗೋಪ್ಯ ವರದಿ. ಕೆಲವರು ಆ ಸಮಯಕ್ಕೆ ಸಾಹೇಬರ ಮನೆಗೆ ತೆಂಗಿನಕಾಯಿ ಮೂಟೆ ಇಳಿಸುತ್ತಿದ್ದರು. ಅಪ್ಪ ಇಳಿಸಲಿಲ್ಲ. ಕೆಟ್ಟದಾಗಿ ಬರೆದರೆ ನೌಕರನಿಗೆ ತಿಳಿಸಬೇಕು ಅಂತ ಇತ್ತು. ‘ಗುಡ್’ ಅಂತ ಬರೆದರೆ ತಿಳಿಸುವ ಅಗತ್ಯ ಇರಲಿಲ್ಲ. ಗುಡ್ ಅಂದರೆ ಒಳ್ಳೆಯದೇ ಅಲ್ವಾ! ಅವರು ರಿಟೈರ್ ಆದ ಎರಡು ವರ್ಷಕ್ಕೆ, 2008ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ದೇವ್ ದತ್ ಅನ್ನೋ ಎಂಜಿನಿಯರ್ ಕೇಸಿನಲ್ಲಿ ಬೇರೆ ಮಾತು ಹೇಳಿತು. ಆತನಿಗೂ ‘ಗುಡ್’ ಅಂತಲೇ ಬರೆದಿದ್ದರು. ಆದರೆ ಪ್ರಮೋಷನ್‌ಗೆ ಬೇಕಿದ್ದದ್ದು ‘ವೆರಿ ಗುಡ್’. ಹಾಗಿದ್ದಾಗ ಗುಡ್ ಕೂಡ ಕೆಟ್ಟದ್ದೇ, ಏನೇ ಬರೆದರೂ ನೌಕರನಿಗೆ ತಿಳಿಸಬೇಕು ಅಂತ ತೀರ್ಪು ಬಂತು. ಅಜ್ಜಿ ಮೆಟ್ಟಿಲ ಮೇಲೆ ನಿಂತು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ರಿಟೈರ್ ಆದ ದಿನ ಮಾತ್ರ ಭಾರಿ ಸಮಾರಂಭ. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಗಾಜು ಹಾಕಿಸಿದ ಬಿನ್ನವತ್ತಳೆ. ಕರ್ತವ್ಯನಿಷ್ಠರು, ಸರಳ ಸಜ್ಜನರು, ಅಜಾತಶತ್ರುಗಳು, ನಿಮ್ಮ ಸೇವೆ ಅವಿಸ್ಮರಣೀಯ. ಕೊಡ ತುಳುಕಿ ಹಾಲ್ ತುಂಬಾ ಹರಿದಿತ್ತು. ಮೈಕ್ ಹಿಡಿದು ಅದನ್ನು ಓದಿದವರೇ ಅಪ್ಪನ ಸಿಆರ್ ಬರೆಯುತ್ತಿದ್ದ ಸಾಹೇಬರು. ಆ ಬಿನ್ನವತ್ತಳೆ ಹಾಸನದ ಮನೆಯ ನಡುಮನೆಯಲ್ಲಿ ಇನ್ನೂ ಇದೆ. ಹಬ್ಬಕ್ಕೆ ಅಮ್ಮ ಗಾಜು ಒರೆಸುತ್ತಾಳೆ.

ಮಾತಿನ ಓಘದಲ್ಲಿ ಹೇಳಿಬಿಟ್ಟೆ: ‘ಅಪ್ಪಾ, ನಿಮ್ಮ ಸಿಆರಲ್ಲಿ ಏನಿತ್ತು ಅಂತ ಈಗ ಕೇಳಬಹುದು. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿದ್ರೆ ಆಯ್ತು, ಹತ್ತು ರೂಪಾಯಿ.’

‘ಹತ್ತು ರೂಪಾಯಿ ದಂಡ,’ ಹಿಂದಿನಿಂದ ಅಮ್ಮ ಕೂಗಿದಳು. ‘ಗೆದ್ದಲು ತಿಂದಿರುತ್ತೆ ಆ ಕಡತ. ಎಪ್ಪತ್ತೇಳನೇ ವಯಸ್ಸಲ್ಲಿ ಪ್ರಮೋಷನ್ ಕೊಡ್ತಾರಾ ಇವರಿಗೆ?’

ಅಪ್ಪ ಏನೂ ಅನ್ನಲಿಲ್ಲ. ಮಳೆ ಹೇಗಿದೆ ಅಂತ ಕೇಳಿದರು. ಮೊಮ್ಮಗಳ ಕೈಗೆ ಫೋನ್ ಕೊಡು ಅಂದರು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಫೋನ್ ನೋಡಿದರೆ ಅವರ ಮೆಸೇಜು ಬಂದಿತ್ತು. ಅವರು ಟೈಪ್ ಮಾಡೋದೇ ಇಲ್ಲ. ಬಂದ ಗುಡ್ ಮಾರ್ನಿಂಗ್ ಚಿತ್ರ ಮುಂದೆ ಕಳಿಸೋದು ಬಿಟ್ಟರೆ ಬೇರೆ ಗೊತ್ತಿಲ್ಲ. ಒಂದೊಂದೇ ಅಕ್ಷರ ಹುಡುಕಿ ಬರೆದಿದ್ದರು:

‘1972ರಿಂದ ಎಲ್ಲಾ ವರ್ಷದ್ದೂ ಕೇಳಬಹುದಾ?’